ಒಂದು ಗೇಣು ದಾರ

ಇದು ಹೋದ ವರ್ಷ ಪಂಚಮಿ ಹಬ್ಬದ ಹೊತ್ತಿಗೆ ನಡೆದದ್ದು. ನಾನು ಬೈಲಹೊಂಗಲದಲ್ಲಿ ಲೇಡೀಸ್ ಟೇಲರ್. ಮೂವತ್ತೊಂದು ವರ್ಷದಿಂದ ಅದೇ ಓಣಿ, ಅದೇ ಅಂಗಡಿ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದೆ ಮನೆ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಬಂದವರಿಗೆಲ್ಲ ಸೀರೆಗೊಪ್ಪುವ ಹೊಸ ಕುಬಸ ಬೇಕು, ಅದೂ ನಾಳೆ ಬೇಡ, ಇವತ್ತೇ ಬೇಕು. ಆ ಹದಿನೈದು ದಿನ ಊಟ ಯಾವಾಗ ಮಾಡಿದೆ, ಯಾವಾಗ ಮಲಗಿದೆ ಎಂದು ಕೇಳಿದರೆ ನನಗೇ ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆ ಬೇರೆ ಇದೆ. ಹಬ್ಬ ಮುಗಿಯುವಷ್ಟರಲ್ಲಿ ಬೆನ್ನು ಒಂದು ಕಡೆ, ನಾನು ಒಂದು ಕಡೆ ಆಗಿರುತ್ತೇವೆ.

ಮುನ್ನಿ ನಮ್ಮ ಬೆಕ್ಕು. ನಮ್ಮದು ಅಂದರೆ ಮಗಳದು. ಮಗಳು ರೇಶ್ಮಾಳನ್ನು ಎಂ.ಕೆ. ಹುಬ್ಬಳ್ಳಿಗೆ ಕೊಟ್ಟು ಒಂದೂವರೆ ವರ್ಷವಾಗಿತ್ತು. ಅಳಿಯ ಕಬ್ಬಿನ ಲಾರಿ ಓಡಿಸುತ್ತಾನೆ, ಒಳ್ಳೆಯ ಹುಡುಗ. ಆದರೆ ಅವಳ ಅತ್ತೆಗೆ ದಮ್ಮು, ಬೆಕ್ಕಿನ ಕೂದಲು ಆಗಿಬರುವುದಿಲ್ಲ. ಗಂಡನ ಮನೆಗೆ ಹೊರಟ ದಿನ ಎಲ್ಲರ ಮಕ್ಕಳೂ ತಾಯಿಯ ಕೊರಳಿಗೆ ಬಿದ್ದು ಅಳುತ್ತಾರೆ. ನನ್ನ ಮಗಳು ಬೆಕ್ಕನ್ನು ತಂದು ನನ್ನ ಕೈಗೆ ಕೊಟ್ಟು ಅತ್ತಳು.

"ಅಬ್ಬಾ, ಇದನ್ನ ನಿಮ್ಮ ಕೈಯಾಗ ಕೊಟ್ಟೇನಿ. ಅಮ್ಮಾ ಕೆಲಸದಾಗ ಮರೀತಾಳ. ನೀವು ಮರೀಬ್ಯಾಡ್ರಿ" ಎಂದಳು.

ಅಂದಿನಿಂದ ದಿನಾ ಸಂಜೆ ಅವಳ ವಿಡಿಯೋ ಕಾಲ್ ಬರುತ್ತದೆ. "ಹೆಂಗಿದ್ದೀರಿ" ಎಂದು ನಮ್ಮನ್ನು ಅರ್ಧ ನಿಮಿಷ ಕೇಳುತ್ತಾಳೆ. ಆಮೇಲೆ "ಎಲ್ಲಿ, ಮುನ್ನಿನ್ನ ತೋರಸ್ರಿ" ಎನ್ನುತ್ತಾಳೆ. ನಾನು ಫೋನು ಹಿಡಿದುಕೊಂಡು ಬೆಕ್ಕಿನ ಹಿಂದೆ ಮನೆಯೆಲ್ಲ ಸುತ್ತಬೇಕು. ಐವತ್ತೆಂಟು ವರ್ಷದ ಗಂಡಸು, ಬೆಕ್ಕಿನ ಫೋಟೋಗ್ರಾಫರ್ ಆಗಿದ್ದೇನೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ನನ್ನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ದಾರದ ತುಂಡು ನೆಲಕ್ಕೆ ಬೀಳಬಾರದು. ಬಿದ್ದ ದಾರ ಮಷೀನಿನ ಗಾಲಿಗೆ ಸುತ್ತಿಕೊಳ್ಳುತ್ತದೆ, ಕಾಲಿಗೆ ತೊಡರುತ್ತದೆ, ಗಿರಾಕಿಯ ರೇಷ್ಮೆ ಸೀರೆಗೆ ಅಂಟುತ್ತದೆ. ಅದಕ್ಕೆಂದೇ ಮೇಜಿನ ಕಾಲಿಗೆ ಒಂದು ಡಬ್ಬಿ ಕಟ್ಟಿದ್ದೇನೆ. ನನ್ನ ಹೆಂಡತಿ ಮಾಬೂಬಿ ಹುಕ್ಕು ಹಚ್ಚುತ್ತಾಳೆ, ಹೆಮ್ಮಿಂಗ್ ಮಾಡುತ್ತಾಳೆ, ಆದರೆ ಡಬ್ಬಿಯ ನೆನಪು ಅವಳಿಗೆ ಇರುವುದಿಲ್ಲ. ಮದುವೆಯಾದ ದಿನದಿಂದ ನಾನು ಅವಳಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ಯಾವುದು ಅಂದರೆ, "ಮತ್ತ ದಾರ ಚೆಲ್ಲಿದಿ ನೋಡ" ಎಂಬುದೇ.

ಹಬ್ಬಕ್ಕೆ ಎಂಟು ದಿನ ಉಳಿದಿತ್ತು. ಮಂಗಳವಾರ ಮಧ್ಯಾಹ್ನ ಉಂಡು ಬಂದು ಒಂದು ಹಸಿರು ಕುಬಸದ ಕಚ್ಚಾ ಹೊಲಿಗೆ ಬಿಚ್ಚುತ್ತಿದ್ದೆ. ಬಟ್ಟೆ ಸರಿಯಾಗಿ ಕೂತಿದೆಯೇ ಎಂದು ನೋಡಲು ಮೊದಲು ಕೈಯಿಂದ ಹಾಕುವ ಉದ್ದುದ್ದ ಹೊಲಿಗೆ ಅದು. ಎದ್ದು ಕಾಣಲಿ ಎಂದು ಕೆಂಪು ದಾರದಲ್ಲಿ ಹಾಕಿರುತ್ತೇನೆ, ಪಕ್ಕಾ ಹೊಲಿಗೆ ಬಿದ್ದ ಮೇಲೆ ಎಳೆದು ತೆಗೆಯುತ್ತೇನೆ. ಎಳೆದೆ, ಉದ್ದಕ್ಕೆ ಬಂತು. ಅದನ್ನು ಡಬ್ಬಿಗೆ ಹಾಕುವ ಮೊದಲೇ ಕೂತಲ್ಲೇ ಕಣ್ಣು ಮುಚ್ಚಿತು. ಎದ್ದಾಗ ದಾರ ಕೈಯಲ್ಲೂ ಇಲ್ಲ, ನೆಲದ ಮೇಲೂ ಇಲ್ಲ. ಮುನ್ನಿ ಮೇಜಿನ ಕೆಳಗೆ ಕೂತು ಬಾಯಿ ನೆಕ್ಕಿಕೊಳ್ಳುತ್ತಿತ್ತು. ಡಬ್ಬಿಯಲ್ಲಿ ಹಾಕಿರಬೇಕು ಎಂದುಕೊಂಡು ಮುಂದಿನ ಕುಬಸ ಕೈಗೆತ್ತಿಕೊಂಡೆ.

ಮರುದಿನ ಸಂಜೆ ಮುನ್ನಿ ನನ್ನ ಮುಂದೆ ಹಾದುಹೋಯಿತು. ಬಾಲದ ಕೆಳಗೆ ಎರಡು ಬೆರಳಷ್ಟು ಕೆಂಪು ದಾರ ನೇತಾಡುತ್ತಿತ್ತು.

ಟೇಲರನ ಕೈಗೆ ನೇತಾಡುವ ದಾರ ಕಂಡರೆ ಸುಮ್ಮನಿರುವುದು ಗೊತ್ತಿಲ್ಲ. ಮದುವೆಯ ಮನೆಯಲ್ಲಿ ಯಾರದೋ ತೋಳಿನ ದಾರ ಕಿತ್ತು ಬೈಸಿಕೊಂಡವನು ನಾನು. ಬೆಕ್ಕನ್ನು ಒಂದು ಕೈಯಲ್ಲಿ ಹಿಡಿದೆ, ಇನ್ನೊಂದು ಕೈಯಲ್ಲಿ ದಾರ ಎಳೆದೆ. ಒಂದು ಗೇಣು ಬಂತು. ಆಮೇಲೆ ಎಲ್ಲೋ ಬಿಗಿಯಿತು. ಮುನ್ನಿ ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಅದುವರೆಗೆ ಅಂಥ ಕೂಗು ನಾನು ಯಾವ ಪ್ರಾಣಿಯ ಬಾಯಿಂದಲೂ ಕೇಳಿರಲಿಲ್ಲ. ಮುಂಗೈ ಪರಚಿ ರಕ್ತ ಬಂತು. ಕಿಸೆಯಲ್ಲಿದ್ದ ಚಿಕ್ಕ ಕತ್ತರಿ ತೆಗೆದು, ಹೊರಗೆ ಬಂದಷ್ಟು ದಾರ ಕತ್ತರಿಸಿ ಬಿಟ್ಟುಬಿಟ್ಟೆ.

ಕೂಗು ಕೇಳಿ ಮಾಬೂಬಿ ಒಳಗಿನಿಂದ ಓಡಿಬಂದಳು. "ಏನಾತ್ರೀ?"

"ಬಾಲ ತುಳದೆ" ಎಂದೆ.

ಯಾಕೆ ಸುಳ್ಳು ಹೇಳಿದೆ? ಅವತ್ತು ಬೆಳಿಗ್ಗೆಯಷ್ಟೇ ಎರಡು ತುಂಡು ದಾರಕ್ಕಾಗಿ, ಗಿರಾಕಿಗಳ ಎದುರಿಗೇ, ಅವಳ ಮಾನ ಕಳೆದಿದ್ದೆ. ಸಂಜೆಗೆ "ನಾನೇ ದಾರ ಚೆಲ್ಲಿದ್ದೆ, ಬೆಕ್ಕು ತಿಂದಿದೆ" ಎಂದು ಯಾವ ಬಾಯಿಂದ ಹೇಳಲಿ? ಉಳಿದದ್ದು ತಾನೇ ಹೊರಗೆ ಬಂದೀತು, ಬೆಕ್ಕಿನ ಹೊಟ್ಟೆ ಗಟ್ಟಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗುರುವಾರ ಮುನ್ನಿ ಹಾಲು ಮುಟ್ಟಲಿಲ್ಲ. ಮಧ್ಯಾಹ್ನ ಹಳದಿ ನೊರೆ ಕಾರಿಕೊಂಡಿತು. ಮೂಲೆ ಹಿಡಿದು ಬೆನ್ನು ಗೂನು ಮಾಡಿ ಕೂತಿತು. ಸಂಜೆ ಮಗಳ ಕಾಲ್ ಬಂದಾಗ ನಾನು "ಮಲಗೈತವ್ವಾ, ಎಬ್ಬಸಬ್ಯಾಡ" ಎಂದೆ. ಅದು ಎರಡನೆಯ ಸುಳ್ಳು.

ಇನ್ನು ಡಾಕ್ಟರು ಯಾರು ಎಂಬ ಪ್ರಶ್ನೆ. ನಮ್ಮ ಕಡೆ ಎತ್ತು, ಎಮ್ಮೆ, ಆಡು, ಕುರಿಗಳಿಗೆ ಡಾಕ್ಟರು ಯಾರೆಂದು ಸಣ್ಣ ಮಗುವೂ ಹೇಳುತ್ತದೆ. ಬೆಕ್ಕಿಗೆ ಡಾಕ್ಟರು ಅಂದರೆ ಜನ ನಗುತ್ತಾರೆ. ಹಾಲು ಹಾಕುವ ಬಸಪ್ಪ, "ನಮ್ಮ ಎಮ್ಮಿ ಬಿದ್ದಾಗ ಒಬ್ಬಾಂವ ಬಂದಿದ್ದ ನೋಡ್ರಿ ಟೇಲರ್ ಮಾಮಾ, ಒಂದ ಸೂಜಿಗೆ ಎಬ್ಬಿಸಿ ನಿಂದರಸಿದ. ಅವನ್ನ ಕರಸ್ರಿ" ಎಂದ. ಎಮ್ಮೆಯ ಸೂಜಿಗೆ ನಮ್ಮ ಮುನ್ನಿ ಏನಾಗಬೇಕು ಎಂದು ಹೆದರಿದೆ. ಔಷಧಿ ಅಂಗಡಿಯವನು ಮನುಷ್ಯರ ಜ್ವರದ ಗುಳಿಗೆಯನ್ನು ಅರ್ಧ ಮಾಡಿ ಕೊಡಲು ಬಂದ. ಮಾಬೂಬಿ "ಏ ಮಾರಾಯಾ, ಬ್ಯಾಡ" ಎಂದು ನನ್ನನ್ನು ಎಳೆದುಕೊಂಡು ಬಂದಳು. ಆ ಗುಳಿಗೆ ಬೆಕ್ಕಿಗೆ ವಿಷ ಎಂದು ಆಮೇಲೆ ತಿಳಿಯಿತು. ಅವಳು ಇಲ್ಲದಿದ್ದರೆ ಅದನ್ನೂ ಹಾಕಿಬಿಡುತ್ತಿದ್ದೆ.

ಕೊನೆಗೆ ಅವತ್ತೇ ರಾತ್ರಿ ಊರಲ್ಲಿ ಹೊಸದಾಗಿ ತೆರೆದ ಒಂದು ಖಾಸಗಿ ದವಾಖಾನೆಗೆ ಹೋದೆವು. ಆರಿಸಿದ್ದಕ್ಕೆ ಕಾರಣ ಕೇಳಿದರೆ ನಾಚಿಕೆಯಾಗುತ್ತದೆ. ಗಾಜಿನ ಬಾಗಿಲು ಇತ್ತು, ಗೋಡೆಯ ಮೇಲೆ ಬೆಕ್ಕಿನ ದೊಡ್ಡ ಚಿತ್ರ ಇತ್ತು. ಅಷ್ಟೇ. ಡಾಕ್ಟರು ಹರೆಯದವರು, ರಾಮದುರ್ಗದ ಕಡೆಯವರು. ಮುನ್ನಿಯನ್ನು ಮೇಜಿನ ಮೇಲೆ ಹಾಕಿಸಿ ಜ್ವರ ನೋಡಿದರು, ಹೊಟ್ಟೆ ಒತ್ತಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು.

"ಹೊರಗಿಂದ ಏನರ ತಿಂದೈತೇನ್ರೀ? ಪ್ಲಾಸ್ಟಿಕ್, ಎಲುಬು, ದಾರ, ಇಂಥಾದ್ದು?"

ಮಾಬೂಬಿ ಮುನ್ನಿಯ ಮುಂಗಾಲು ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು.

"ಇಲ್ರಿ" ಎಂದೆ.

ಅವರು ಅದನ್ನೇ ಬರೆದುಕೊಂಡರು. ಸಲೈನ್ ಹಚ್ಚಿದರು, ವಾಂತಿಗೆ ಸೂಜಿ ಹಾಕಿದರು, ರಕ್ತ ಪರೀಕ್ಷೆಗೆ ಕಳಿಸಿದರು. ಮೊದಲ ದಿನದ ಬಿಲ್ಲು ನಾಲ್ಕು ಕುಬಸದ ಹೊಲಿಗೆ, ಎರಡನೆಯ ದಿನದ್ದು ಆರು ಕುಬಸದ್ದು. ಬೆಲೆಯನ್ನು ನಾನು ಹಾಗೆಯೇ ಅಳೆಯುವುದು, ಬೇರೆ ರೀತಿ ಬರುವುದಿಲ್ಲ. ಆ ಆರು ಕುಬಸ ಅಂಗಡಿಯಲ್ಲಿ ಹೊಲಿಯದೇ ಬಿದ್ದಿದ್ದವು, ಗಿರಾಕಿಗಳು ಬಾಗಿಲಲ್ಲಿ ನಿಂತು "ಏನ್ರೀ ಟೇಲರ, ಬೆಕ್ಕಿಗೆ ಬಾಣಂತನ ಮಾಡಾಕ ಹತ್ತೀರೇನು" ಎಂದು ಕೇಳುತ್ತಿದ್ದರು. ನಾನು ಹಗಲು ದವಾಖಾನೆಯ ಬೆಂಚಿನ ಮೇಲೆ ಕೂತು, ಬಂದು ಮಷೀನು ತುಳಿದು, ಮತ್ತೆ ಹೋಗಿ ಕೂತು ಸಾಕಾಗಿಹೋಗಿದ್ದೆ.

ಶುಕ್ರವಾರ ಸಂಜೆ ಡಾಕ್ಟರು, "ರಕ್ತದಾಗ ಅಂಥಾದ್ದೇನ ಕಾಣವಲ್ದು. ಧಾರವಾಡಕ್ಕ ಒಯ್ದು ಸ್ಕ್ಯಾನಿಂಗ್ ಮಾಡಸೂದ ಚಲೋ" ಎಂದರು. ಖರ್ಚು ಎಷ್ಟಾದೀತು ಎಂದು ಕೇಳಿದೆ. ಹೇಳಿದರು. ನನ್ನ ತಲೆ ಕೆಟ್ಟುಹೋಯಿತು.

"ಎರಡ ದಿನ ರೊಕ್ಕಾ ತಗೊಂಡು ಈಗ ಕಾಣವಲ್ದು ಅಂತೀರಿ? ಕಾಣದಿದ್ರ ಮೊದಲ ದಿನಾನ ಹೇಳಬೇಕಿಲ್ಲ?" ಎಂದು ಕೂಗಾಡಿದೆ. ಅಲ್ಲಿಂದ ಹೊರಟವನು ಚಹಾದ ಅಂಗಡಿಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ, "ಅಲ್ಲಿ ಮಾತ್ರ ಹೋಗಬ್ಯಾಡ್ರಿ, ಬರೇ ಗಾಜಿನ ಬಾಗಲಾ ಐತಿ, ಒಳಗ ಏನೂ ಇಲ್ಲ" ಎಂದು ಹೇಳಿದೆ. ಎಷ್ಟು ಜನರಿಗೆ ಹೇಳಿದೆನೋ ನೆನಪಿಲ್ಲ. ಸಿಟ್ಟಿನಲ್ಲಿದ್ದವನಿಗೆ ದಾರದ ನೆನಪು ಬರಲಿಲ್ಲ ಎಂದರೆ ನಂಬಬೇಡಿ. ಬಂದಿತ್ತು. ಆದರೆ ಅದನ್ನು ಅದುಮಿಡಲು ಸಿಟ್ಟು ಬಹಳ ಉಪಯೋಗಕ್ಕೆ ಬಂತು.

ಶನಿವಾರ ಬೆಳಿಗ್ಗೆ ಮುನ್ನಿ ಕಣ್ಣು ತೆರೆಯಲಿಲ್ಲ, ಕಿವಿ ತಣ್ಣಗಿದ್ದವು. ಮಾಬೂಬಿ ಅದರ ಮೈಮೇಲೆ ತನ್ನ ದುಪಟ್ಟಾ ಹೊದಿಸಿ, "ದೊಡವಾಡಕ್ಕ ಒಯ್ಯೂಣ್ರಿ. ನಮ್ಮಣ್ಣನ ಎಮ್ಮಿ ಹೊಟ್ಟ್ಯಾಗ ಕರಾ ಅಡ್ಡಾಗಿತ್ತಲ್ಲ, ಅಲ್ಲಿ ದನದ ದವಾಖಾನಿ ಡಾಕ್ಟರಮ್ಮ ಕೈ ಹಾಕಿ ತಗದು ಎರಡೂ ಜೀವಾ ಉಳಿಸಿದ್ಲು. ಬೆಕ್ಕು ನೋಡ್ತಾಳೋ ಇಲ್ಲೋ ಗೊತ್ತಿಲ್ಲ. ಕೈ ಮುಗಿದು ಕೇಳೂಣು" ಎಂದಳು. ನನಗೆ ಬೇಡ ಎನ್ನುವ ಶಕ್ತಿಯೂ ಇರಲಿಲ್ಲ. ಅಂಗಡಿಯ ಬಾಗಿಲು ಹಾಕಿದೆ. ಪಂಚಮಿಯ ವಾರದಲ್ಲಿ ನಾನು ಬಾಗಿಲು ಹಾಕಿದ್ದು ಅದೇ ಮೊದಲು.

ಬಸ್ಸಿನಲ್ಲಿ ಕಂಡಕ್ಟರು ಬುಟ್ಟಿಯೊಳಗೆ ಇಣುಕಿ, "ಇದಕ್ಕ ಅರ್ಧಾ ಟಿಕೀಟ ಆಗತೈತಿ" ಎಂದರು.

"ಹೆಣ್ಣಮಕ್ಕಳಿಗೆ ಬಸ್ ಫ್ರೀ ಐತೆಲ್ಲರಿ. ಇದೂ ಹೆಣ್ಣ ಐತಿ" ಎಂದಳು ಮಾಬೂಬಿ.

"ಹಂಗಾರ ಆಧಾರ್ ಕಾರ್ಡ್ ತೋರಸಂತ ಹೇಳ್ರೆಲಾ" ಎಂದರು ಕಂಡಕ್ಟರು. ಬಸ್ಸೆಲ್ಲ ನಕ್ಕಿತು. ಮಾಬೂಬಿಯೂ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಅದನ್ನು ನೋಡಿದ ಕಂಡಕ್ಟರು ಟಿಕೀಟು ಹರಿದು ಕೊಟ್ಟು, ಮುಂದಿನ ಸೀಟಿನವನನ್ನು ಎಬ್ಬಿಸಿ ಅವಳಿಗೆ ಜಾಗ ಮಾಡಿಸಿದರು.

ದನದ ದವಾಖಾನೆಯ ಅಂಗಳದಲ್ಲಿ ಕಾಲು ಬಾತ ಎತ್ತು, ನಾಲ್ಕೈದು ಆಡು, ಒಂದು ಆಕಳು ನಿಂತಿದ್ದವು. ದನಗಳನ್ನು ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟಿನ ಹತ್ತಿರ ಡಾಕ್ಟರಮ್ಮ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಸುಮಾರು ಐವತ್ತರ ಹೆಂಗಸು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಎತ್ತಿನ ಮುದುಕ ನಮ್ಮ ಬುಟ್ಟಿ ನೋಡಿ, "ಸಣ್ಣ ಜೀವ ಐತಿ, ನೀವು ಮುಂದ ಹೋಗ್ರಿ. ನಂದು ನಿಂತಿರತೈತಿ" ಎಂದು ಸರಿದು ನಿಂತ.

ಡಾಕ್ಟರಮ್ಮ ಕೈ ತೊಳೆದು ಬಂದರು. ನಾನು ಎರಡು ದಿನದ ಕಥೆ ಹೇಳಲು ಸುರು ಮಾಡಿದೆ. ಗಾಜಿನ ಬಾಗಿಲು, ಸಲೈನ್, ರಕ್ತ ಪರೀಕ್ಷೆ, ರೊಕ್ಕ.

"ಅದೆಲ್ಲಾ ಆಮ್ಯಾಲ ಹೇಳ್ರಿ. ಮೊದಲ ಬಾಯಿ ತಗೀರಿ" ಎಂದರು.

ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ಬಾಯಿ ತೆಗೆಸಿ ಹಲ್ಲು ನೋಡುತ್ತಾರಲ್ಲ, ಡಾಕ್ಟರಮ್ಮನಿಗೂ ಅದೇ ರೂಢಿ. ಎತ್ತು ಬರಲಿ, ಆಡು ಬರಲಿ, ಮೊದಲು ಬಾಯಿ. ಮಾಬೂಬಿ ಮುನ್ನಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದಳು. ಡಾಕ್ಟರಮ್ಮ ಒಂದು ಕೈಯಿಂದ ಬಾಯಿ ಅಗಲಿಸಿ, ಗದ್ದದ ಕೆಳಗಿನ ಮೆತ್ತಗಿನ ಜಾಗಕ್ಕೆ ಹೆಬ್ಬೆರಳು ಒತ್ತಿದರು. ನಾಲಗೆ ಮೇಲಕ್ಕೆ ಎದ್ದಿತು.

ನಾಲಗೆಯ ಬುಡಕ್ಕೆ ಕೆಂಪು ದಾರ ಸುತ್ತಿಕೊಂಡಿತ್ತು. ಎರಡೂ ತುದಿ ಗಂಟಲಿನೊಳಗೆ ಇಳಿದಿದ್ದವು. ದಾರ ಮಾಂಸದಲ್ಲಿ ಕೊರೆದು ಕೂತಿತ್ತು.

"ಅಯ್ಯ ಶಿವನ" ಎಂದರು ಡಾಕ್ಟರಮ್ಮ. ನನ್ನ ಕಡೆ ತಿರುಗಿ, "ಹಿಂದಿನ ಬಾಜೂ ದಾರ ಕಂಡಿತ್ತೇನ್ರೀ?" ಎಂದು ಕೇಳಿದರು.

ನಾನು ಪರಚಿದ ಮುಂಗೈಯನ್ನು ಹಿಂದಕ್ಕೆ ಸರಿಸಿದೆ.

"ಎಳದ್ರೇನು?"

ಅಂಗಳದಲ್ಲಿ ಅಷ್ಟು ಜನ ಇದ್ದರು. ನನಗೆ ಕಂಡದ್ದು ಮಾಬೂಬಿಯ ಮುಖ ಒಂದೇ. ಅವಳ ಕೈಯಲ್ಲಿ ಮುನ್ನಿ, ಮುನ್ನಿಯ ಬಾಯಲ್ಲಿ ನನ್ನ ದಾರ.

"ಎಳದೆರೀ" ಎಂದೆ. "ಒಂದ ಗೇಣು."

"ನೀವೇನ ಕೆಲಸಾ ಮಾಡತೀರಿ?"

"ಟೇಲರ್ ಅದೀನ್ರಿ."

"ಟೇಲರ್ ಅದೀರಿ ಅಂದ್ರ ನಿಮಗ ತಿಳಿಸಿ ಹೇಳೂದ ಹಗುರ. ಪರಕರದ ಲಾಡಿ ಒಂದ ಕಡೆ ಗಂಟ ಹಾಕಿ ಇನ್ನೊಂದ ಕಡೆ ಎಳದ್ರ ಬಟ್ಟಿ ಏನಾಗತೈತಿ?"

"ನೆರಿಗಿ ಕೂಡತೈತ್ರಿ."

"ಇದರ ಕರಳ ಹಂಗ ಆಗ್ಯಾವ. ದಾರ ನಾಲಗಿಗೆ ಸಿಕ್ಕೊಂಡೈತಿ, ನೀವು ಹಿಂದಿಂದ ಎಳದೀರಿ. ಇನ್ನೊಂದೀಟು ಎಳದಿದ್ರ ಕರಳ ಹರಿತಿತ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕತ್ತರಿ ಬೇಕು ಎಂದಾಗ ನನ್ನ ಕೈ ತಾನಾಗಿ ಕಿಸೆಗೆ ಹೋಯಿತು. ಚಿಕ್ಕ ಕತ್ತರಿ ತೆಗೆದು ಚಾಚಿದೆ. "ಅದನ್ನ ಒಳಗ ಇಡ್ರಿ ಮಾರಾಯ್ರ, ಸಾಕು ನಿಮ್ಮ ಉಪಕಾರ" ಎಂದು ತಮ್ಮ ಕತ್ತರಿಯಿಂದಲೇ ನಾಲಗೆಯ ಕೆಳಗಿನ ದಾರ ಕತ್ತರಿಸಿದರು. ಸಲೈನ್ ಹಾಕಿದರು, ನೋವಿಗೆ ಸೂಜಿ ಕೊಟ್ಟರು. ಆಮೇಲೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು.

"ಈಗ ಬಾಯಾಗಿನ ಗಂಟು ಬಿಟ್ಟೈತಿ. ಉಳಿದ ದಾರ ಎರಡ ದಿನದಾಗ ಹೊರಗ ಬಂದ್ರ ಬಂತು. ಬರಲಿಲ್ಲ, ಮತ್ತ ವಾಂತಿ ಆತು, ಹೊಟ್ಟಿ ಬಿರಸಾತು ಅಂದ್ರ ಸೀದಾ ಧಾರವಾಡಕ್ಕ ಒಯ್ದು ಆಪರೇಶನ್ ಮಾಡಸಬೇಕು. ಆವಾಗ ಮಂದೀನ ಕೇಳ್ಕೋತ ಕುಂಡ್ರಬ್ಯಾಡ್ರಿ. ಅದಕ್ಕ ಖರ್ಚ ಐತಿ. ಮಾಡಸೂದೋ ಬಿಡೂದೋ ಇವತ್ತ ಗಂಡಾ ಹೆಂಡತಿ ಕುಂತು ಮಾತಾಡ್ಕೋರಿ. ಕೈಯಿಂದ ಆಗೂದಿಲ್ಲಂದ್ರ ಅದೇನ ಪಾಪ ಅಲ್ಲ. ಆದ್ರ ಜೀವಾ ಒದ್ದಾಡೂಮುಂದ ಲೆಕ್ಕಾ ಹಾಕಬ್ಯಾಡ್ರಿ. ಮತ್ತ, ದಾರ ಕಂಡ್ರ ಕೈ ಕಟ್ಟಿಕೊಂಡ ಕುಂಡರ್ರಿ."

ಕಿಸೆಯಿಂದ ಹಣ ತೆಗೆದೆ. ಚೀಟಿಯ ಹಣವಷ್ಟೇ ತೆಗೆದುಕೊಂಡು, ಎತ್ತಿನ ಮುದುಕನನ್ನು ಕರೆದರು.

ದೊಡವಾಡದ ಬಸ್ ಸ್ಟ್ಯಾಂಡಿನಲ್ಲಿ ಒಂದು ತಾಸು ಕೂತಿದ್ದೆವು. ಮಾಬೂಬಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು. ಬೈಲಹೊಂಗಲದ ಒಂದು ಬಸ್ಸು ಬಂದು ಹೋಯಿತು, ನಾವಿಬ್ಬರೂ ಏಳಲಿಲ್ಲ.

"ಆ ಡಾಕ್ಟರ್ ದಾರ ತಿಂದೈತೇನಂತ ಕೇಳಿದಾಗ ನಾ ನಿಮ್ಮ ಬಾಜೂಕನ ಇದ್ದೆ" ಎಂದಳು.

"ಹೂಂ."

"ನನಗ ಅಂಜಿ ಹೇಳಲಿಲ್ಲೇನು?"

"ಹೂಂ" ಎಂದೆ.

"ನಾ ಅಷ್ಟ ಕೆಟ್ಟಾಕೀನೇನ್ರೀ? ದಿನಾ ನೀವು ಬೈತೀರಿ, ನಾ ಬೈಸ್ಕೋತೇನಿ. ಒಂದ ಸಲ ನಾನೂ ಅಂದಿದ್ದೆ ಅಂದ್ರ ಏನ ಆಕಿತ್ತು? ಎರಡ ಮಾತು. ಎರಡ ಮಾತಿಗೆ ಅಂಜಿ ಇದರ ಜೀವಾ ತಗಿಯಾಕ ಹೊಂಟಿದ್ರಲ್ರೀ."

ನನ್ನ ಇಡೀ ಜನ್ಮದಲ್ಲಿ ಯಾರೂ ನನಗೆ ಅಷ್ಟು ಮೆತ್ತಗೆ, ಅಷ್ಟು ಜೋರಾಗಿ ಹೊಡೆದಿರಲಿಲ್ಲ. ನನಗೆ ಅಳು ಬಂತು. ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ.

ಮನೆಗೆ ಬಂದ ಮೇಲೆ ಅವಳೇ ಮಾತೆತ್ತಿದಳು. ಅಂಚು ಹೊಲಿಯುವ ಓವರ್‌ಲಾಕ್ ಮಷೀನು ಕೊಳ್ಳಬೇಕೆಂದು ಎರಡು ವರ್ಷದಿಂದ ಕೂಡಿಡುತ್ತಿದ್ದೆವು. "ಆಪರೇಶನ್ ಅಂದ್ರ ಅದನ್ನ ಮುಟ್ಟೂಣು. ಅದು ಮುಗಿದ್ರ ಮುಗೀತು, ಮುಂದ ಮತ್ತ ಯಾರ ಕಡೇನೂ ಕೈ ಚಾಚೂದ ಬ್ಯಾಡ. ಮಷೀನು ಮುಂದಿನ ಪಂಚಮಿಗೆ ತಗೊಂಡ್ರಾತು" ಎಂದಳು. ನಾನು ತಲೆಯಾಡಿಸಿದೆ. ಐದು ನಿಮಿಷದಲ್ಲಿ ಮಾತು ಮುಗಿಯಿತು. ಎರಡು ದಿನದಿಂದ ನನ್ನ ತಲೆಯಲ್ಲಿ ತಿರುಗುತ್ತಿದ್ದ ಖರ್ಚಿನ ಭೂತ, ಒಂದು ಮಿತಿ ಹಾಕಿಕೊಂಡ ಕೂಡಲೇ ಸಣ್ಣದಾಯಿತು.

ಸಂಜೆ ರೇಶ್ಮಾಳ ಕಾಲ್ ಬಂತು. ಮಾಬೂಬಿ ಫೋನು ತೆಗೆದುಕೊಂಡು ನೋಡಿ, ಎತ್ತದೆ ನನ್ನ ಕೈಗೆ ಕೊಟ್ಟಳು. ನಾನು ಮಗಳಿಗೆ ಎಲ್ಲ ಹೇಳಿದೆ. ದಾರ ಚೆಲ್ಲಿದ್ದು, ಎಳೆದದ್ದು, ಮುಚ್ಚಿಟ್ಟದ್ದು, "ಮಲಗೈತಿ" ಎಂದದ್ದು. ಅವಳು ಫೋನು ಇಟ್ಟುಬಿಟ್ಟಳು. ಅದೇ ಸರಿ ಎನಿಸಿತು. ಹತ್ತು ನಿಮಿಷದ ನಂತರ ಮತ್ತೆ ಮಾಡಿ, ಅತ್ತು ಮೂಗು ಎಳೆಯುತ್ತ, "ಅಬ್ಬಾ, ನಿಮ್ಮ ಸಕ್ಕರಿ ಗುಳಿಗಿ ತಗೊಂಡೀರಿಲ್ಲೋ?" ಎಂದು ಕೇಳಿದಳು. ನಾಲ್ಕು ದಿನದಿಂದ ತೆಗೆದುಕೊಂಡಿರಲಿಲ್ಲ. ಇದನ್ನೂ ಸುಳ್ಳು ಹೇಳದೆ ಹೇಳಿದೆ, ಬೈಸಿಕೊಂಡೆ.

ಭಾನುವಾರ ಮುನ್ನಿ ಎರಡು ಚಮಚ ನೀರು ಕುಡಿಯಿತು. ವಾಂತಿ ಆಗಲಿಲ್ಲ. ನಾನು ಕುಬಸ ಹೊಲಿಯುತ್ತ ಐದು ನಿಮಿಷಕ್ಕೊಮ್ಮೆ ಎದ್ದು ಹೋಗಿ ಅದರ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಒಂದು ತೋಳನ್ನು ಉಲ್ಟಾ ಕೂಡಿಸಿಬಿಟ್ಟೆ, ಬಿಚ್ಚಿ ಮತ್ತೆ ಹೊಲಿದೆ. ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹಿಂದಿನಿಂದ ಮಾಬೂಬಿ ಕೂಗಿದಳು. "ಏನ್ರೀ, ಬರ್ರಿ ಜಲ್ದಿ!"

ಓಡಿದೆ. ಮುನ್ನಿಯ ಪಾಯಖಾನೆಗೆಂದು ಮರಳು ತುಂಬಿಟ್ಟ ಹಳೆಯ ಪುಟ್ಟಿಯಲ್ಲಿ ಕೆಂಪು ದಾರ ಉಂಡೆಯಾಗಿ ಬಿದ್ದಿತ್ತು. ಮುನ್ನಿ ಪಕ್ಕದಲ್ಲಿ ಕೂತು, ತನಗೂ ಅದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ಕಾಲು ನೆಕ್ಕಿಕೊಳ್ಳುತ್ತಿತ್ತು. ನಾನು ಕಡ್ಡಿಯಿಂದ ಎತ್ತಿ, ನೀರು ಸುರಿದು ತೊಳೆದು, ಕಲ್ಲಿನ ಮೇಲೆ ಉದ್ದಕ್ಕೆ ಹಾಸಿ, ಕೊರಳಲ್ಲಿದ್ದ ಟೇಪು ತೆಗೆದು ಅಳೆದೆ. ಎರಡು ತುಂಡು ಸೇರಿ ಇಪ್ಪತ್ತಾರು ಇಂಚು. ನಾನು ಎಳೆದು ಕತ್ತರಿಸಿದ ಗೇಣು ಸೇರಿಸಿದರೆ ಒಂದು ಕುಬಸದ ಕಚ್ಚಾ ಹೊಲಿಗೆಗೆ ಸರಿಹೋಯಿತು. ಒಳಗೆ ಏನೂ ಉಳಿದಿಲ್ಲ.

"ಹೊಲಿಯಾಕ ಅಳತಿ ತಗೊಂಡ್ರೇನು?" ಎಂದಳು ಮಾಬೂಬಿ. ಎರಡು ದಿನದ ನಂತರ ಅವಳು ನನ್ನೊಡನೆ ಮಾಡಿದ ಮೊದಲ ಚೇಷ್ಟೆ ಅದು. ನಾನು ಅಂಗಳದಲ್ಲೇ ಕೂತುಬಿಟ್ಟೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹಬ್ಬ ಮುಗಿದ ವಾರ ಒಬ್ಬ ಗಿರಾಕಿ ಬಂದರು. ಕುಬಸ ತೆಗೆದುಕೊಂಡು ಹೋಗುವಾಗ, "ಟೇಲರ, ನೀವು ಹೇಳಿದ್ದ ಚಲೋ ಆತು ನೋಡ್ರಿ. ನಮ್ಮ ನಾಯಿ ಮುಳ್ಳ ನುಂಗಿತ್ತು, ಆ ಗಾಜಿನ ಬಾಗಲಾ ದವಾಖಾನಿಗೆ ಒಯ್ಯಲಿಲ್ಲ. ಬೆಳಗಾವಿಗೆ ಗಾಡಿ ಮಾಡಿಕೊಂಡ ಹೋದ್ವಿ. ದಾರ್‍ಯಾಗ ಭಾಳ ನರಳತು, ಹೆಂಗೋ ಉಳೀತು" ಎಂದರು.

ಅವರು ನನಗೆ ಉಪಕಾರ ಹೇಳಿ ಹೋದರು. ನನಗೆ ಆ ದಿನ ಮಷೀನು ತುಳಿಯಲಾಗಲಿಲ್ಲ. ಐದು ನಿಮಿಷದ ದಾರಿಯಲ್ಲಿ ಡಾಕ್ಟರು ಇದ್ದಾಗ, ನನ್ನ ಮಾತು ನಂಬಿ ಒಂದು ನಾಯಿ ಅಷ್ಟು ದೂರ ನರಳಿಕೊಂಡು ಹೋಗಿತ್ತು.

ಸಂಜೆ ಆ ದವಾಖಾನೆಗೆ ಹೋದೆ. ಗಾಜಿನ ಬಾಗಿಲಿನೊಳಗೆ ಡಾಕ್ಟರು ಒಬ್ಬರೇ ಕೂತಿದ್ದರು, ಬೆಂಚು ಖಾಲಿ. ನನ್ನನ್ನು ನೋಡಿ ಎದ್ದು ನಿಂತರು. ಮತ್ತೆ ಕೂಗಾಡಲು ಬಂದೆ ಎಂದುಕೊಂಡಿರಬೇಕು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. "ನೀವು ದಾರ ಅಂತ ಹೆಸರ ಹಿಡದ ಕೇಳಿದ್ರಿ. ನಾ ಇಲ್ಲಂದೆ. ತಪ್ಪ ನಂದು ಸಾಹೇಬ್ರ. ಊರೆಲ್ಲಾ ನಿಮ್ಮ ಹೆಸರ ಕೆಡಿಸಿಕೋತ ಅಡ್ಡಾಡಿದ್ದೂ ನಾನ."

ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಆಮೇಲೆ, "ನಾಲಗ್ಯಾಗ ಎಲ್ಲಿ ಕಂಡಿತ್ತಂದ್ರಿ ದಾರ? ಬುಡಕ್ಕೇನು?" ಎಂದು ಕೇಳಿದರು. ಹೌದು ಎಂದೆ. ತಮ್ಮ ಹೆಬ್ಬೆರಳನ್ನು ತಮ್ಮ ಗದ್ದದ ಕೆಳಗೆ ಒತ್ತಿ ನೋಡಿಕೊಂಡರು.

"ನೀವು ಹೇಳ್ರಿ ಬಿಡ್ರಿ, ಬಾಯಿ ತಗದ ನಾಲಗಿ ಕೆಳಗ ನೋಡೂದು ನನ್ನ ಕೆಲಸ ಇತ್ತು. ಕಲಿಸಿದ್ರು ನಮಗ. ನಾ ನೋಡಲಿಲ್ಲ. ನಂದೂ ತಪ್ಪೈತ್ರಿ" ಎಂದರು. ಮುನ್ನಿಯ ಚೀಟಿ ಹುಡುಕಿ ತೆಗೆದು, "ಅದಕ್ಕ ವರ್ಷದ ಸೂಜಿ ಹಾಕಸೂದೈತಿ. ಮೈಯಾಗ ಶಕ್ತಿ ಬಂದ ಮ್ಯಾಲ ಕರಕೊಂಡ ಬರ್ರಿ" ಎಂದರು.

ನನ್ನ ಕಾಲಿನ ನೋವಿಗೆ, ಸಕ್ಕರೆಗೆ, ಹೆಂಡತಿಯ ಬೆನ್ನಿಗೆ ಎಂದು ಎಷ್ಟೋ ಡಾಕ್ಟರರನ್ನು ಕಂಡಿದ್ದೇನೆ. ನಂದೂ ತಪ್ಪೈತಿ ಎಂದವರನ್ನು ಅವತ್ತೇ ಮೊದಲು ಕಂಡದ್ದು. ದೊಡವಾಡದ ಡಾಕ್ಟರಮ್ಮನನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆದರೆ ಬೈಲಹೊಂಗಲದಲ್ಲಿ ಸಾಕಿದ ಪ್ರಾಣಿಗೆ ಯಾವ ಡಾಕ್ಟರು ಚಲೋ ಎಂದು ಈಗ ಯಾರಾದರೂ ಕೇಳಿದರೆ, ಗಾಜಿನ ಬಾಗಿಲಿನವರನ್ನೇ ಹೇಳುತ್ತೇನೆ. ಚಹಾದ ಅಂಗಡಿಯಲ್ಲಿ, ಅದೇ ಬೆಂಚಿನ ಮೇಲೆ ಕೂತು, ಒಬ್ಬೊಬ್ಬರನ್ನೇ ಹಿಡಿದು ಹೇಳಿದ್ದೇನೆ. ಓವರ್‌ಲಾಕ್ ಮಷೀನಿನ ಹಣದಲ್ಲಿ ಸ್ವಲ್ಪ ಬೇರೆ ತೆಗೆದು ಮುನ್ನಿಯ ಹೆಸರಲ್ಲಿ ಒಂದು ಡಬ್ಬಿಯಲ್ಲಿ ಇಟ್ಟಿದ್ದೇವೆ. ತಿಂಗಳಿಗೆ ಒಂದು ಕುಬಸದ ಹೊಲಿಗೆ ಅದಕ್ಕೆ ಹೋಗುತ್ತದೆ.

ಹೋದ ತಿಂಗಳು ಮುನ್ನಿಗೆ ಸ್ವಲ್ಪ ಭೇದಿಯಾಗಿ ಅಲ್ಲಿಗೆ ಒಯ್ದೆವು. ಡಾಕ್ಟರು ಮೇಜಿನ ಮೇಲೆ ಹಾಕಿಸಿಕೊಂಡು ಮೊದಲು ಬಾಯಿ ತೆಗೆಸಿದರು, ಗದ್ದದ ಕೆಳಗೆ ಹೆಬ್ಬೆರಳು ಒತ್ತಿ ನಾಲಗೆ ಎತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮಾಬೂಬಿ ಮೊದಲಿನ ಹಾಗೆಯೇ ಮುಂಗಾಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು.

ಅವರು ಕೇಳುವ ಮೊದಲೇ ಹೇಳಿದೆ. "ಸಾಹೇಬ್ರ, ಮೊನ್ನೆ ಇಕಿ ಬ್ಯಾಡ ಬ್ಯಾಡ ಅಂದಿದ್ಲು. ಇಕಿ ಮಲಗಿದಾಗ ನಾನ ಒಂದ ವಾಟಿ ಹಾಲಿನ ಕೆನಿ ಹಾಕೇನ್ರಿ."

ಮಾಬೂಬಿ ಕತ್ತು ತಿರುಗಿಸಿ ನನ್ನನ್ನು ನೋಡಿದಳು. ನೋಡಲಿ.